ಐದು ಮೀಟರ್ ನಲವತ್ತೆರಡರ ಕುಂಕುಮ

ಎರಡು ದೇಶಗಳ ನಡುವೆ ಒಂದು ವಾರ ಮನಸ್ತಾಪ ತಂದ ಸಾಲೊಂದನ್ನು ಬರೆದವಳು ನಾನು. ಆ ಸಾಲಿನಲ್ಲಿ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ವಿಷಯ ತಿಳಿದವರೆಲ್ಲ ಮೊದಲು ಕೇಳಿದ್ದು, "ಏನಾದ್ರೂ ತಪ್ಪಾಗಿ ಬರೆದುಬಿಟ್ರಾ ಮೇಡಂ?" ಎಂದು. ಇಲ್ಲ. ಸರಿಯಾಗಿಯೇ ಬರೆದೆ. ತೊಂದರೆ ಶುರುವಾದದ್ದು ಅದರಿಂದ.

ನಾನು ಕೆಲಸ ಮಾಡುವುದು ಪೀಣ್ಯ ಎರಡನೇ ಹಂತದ ಒಂದು ತಗಡಿನ ಶೆಡ್ಡಿನಲ್ಲಿ. ಎಡಗಡೆ ಗೇರ್ ಕೊರೆಯುವವರು, ಬಲಗಡೆ ಪ್ಲಾಸ್ಟಿಕ್ ಮುಚ್ಚಳ ಒತ್ತುವವರು, ನಡುವೆ ನಾವು. ನಾವು ಮಾಡುವುದು ಗೇಜು ಪಟ್ಟಿ. ಸೇತುವೆಯ ಕಂಬಕ್ಕೋ ಕೆರೆಯ ತೂಬಿನ ಗೋಡೆಗೋ ಬಡಿದಿರುವ, ಬಿಳಿಯ ಮೇಲೆ ಕಪ್ಪು ಅಂಕಿಗಳಿರುವ ಉದ್ದನೆಯ ತಗಡನ್ನು ನೀವು ನೋಡಿರುತ್ತೀರಿ. ನೀರು ಎಷ್ಟು ಎತ್ತರಕ್ಕೆ ಬಂದಿದೆ ಎಂದು ಅದು ಹೇಳುತ್ತದೆ. ಉಕ್ಕಿನ ತಗಡಿಗೆ ಎನಾಮೆಲ್ ಬಳಿದು, ಕುಲುಮೆಯಲ್ಲಿ ಸುಟ್ಟು, ಅಂಕಿ ಕೂರಿಸಿ, ಮತ್ತೆ ಸುಟ್ಟರೆ ಅದು ನೀರಿನಲ್ಲಿ ಎಷ್ಟು ವರ್ಷ ನಿಂತರೂ ಅಳಿಸುವುದಿಲ್ಲ. ಸಿದ್ಧವಾದ ಪಟ್ಟಿಯನ್ನು ಅಳೆದು, ನೋಡಿ, ತಪಾಸಣೆ ವರದಿ ಬರೆದು ಸಹಿ ಹಾಕುವುದು ನನ್ನ ಕೆಲಸ. ನಾನು ಸಹಿ ಹಾಕದೆ ಪಟ್ಟಿ ಶೆಡ್ಡಿನ ಬಾಗಿಲು ದಾಟುವುದಿಲ್ಲ. ಗುಳ್ಳೆ, ಗೀರು, ಬಿರುಕು, ಅರ್ಧ ಮಿಲಿಮೀಟರಿನಷ್ಟಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ನಮ್ಮ ಯಜಮಾನರು ಬಂದವರಿಗೆಲ್ಲ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು, ಆ ವಾರದವರೆಗೆ.

ಕುಲುಮೆಯ ಹತ್ತಿರ ಕೆಲಸ ಮಾಡುವುದು ಅಕ್ಕ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ನಮ್ಮ ಶೆಡ್ಡು ನಿಂತಿರುವ ನೆಲ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲವಾಗಿತ್ತು. ಈಗ ಅವರಿಗೆ ಬಾಡಿಗೆಗೆ ಕೊಟ್ಟ ಮನೆಗಳಿವೆ, ಕೂತು ಉಣ್ಣಬಹುದು. ಆದರೂ ಬರುತ್ತಾರೆ. ಒಮ್ಮೆ ಯಾಕೆ ಎಂದು ಕೇಳಿದ್ದಕ್ಕೆ, "ಮನೇಲಿ ಬಾಡ್ಗೆ ಬತ್ತದೆ, ಮಾತು ಬತ್ತದಾ?" ಎಂದಿದ್ದರು. ಶುಕ್ರವಾರದ ಪೂಜೆ ಅವರದೇ. ಪೀಣ್ಯದಲ್ಲಿ ಯಾವ ಶೆಡ್ಡಿಗೇ ಹೋಗಿ, ಶುಕ್ರವಾರ ಬೆಳಿಗ್ಗೆ ಮಷೀನುಗಳಿಗೆ ಕುಂಕುಮ, ಹೂವು, ಊದುಬತ್ತಿ ಇಲ್ಲದೆ ಸ್ವಿಚ್ಚು ಒತ್ತುವುದಿಲ್ಲ. ಅಕ್ಕ ಕಂಪ್ರೆಸರಿಗೆ, ಕುಲುಮೆಯ ಬಾಗಿಲಿಗೆ, ಕರೆಂಟಿನ ಬೋರ್ಡಿಗೆ, ಕಂಬಕ್ಕೆ, ಬಾಗಿಲಿನ ಚೌಕಟ್ಟಿಗೆ, ಎಲ್ಲಕ್ಕೂ ಒಂದೊಂದು ಬೊಟ್ಟು ಇಡುತ್ತಾರೆ. ಆ ವಾರ ಸಿದ್ಧವಾದ ಪಟ್ಟಿ ಯಾವುದಾದರೂ ಕಳಿಸುವುದಿದ್ದರೆ ಅದನ್ನು ಮಣೆಯ ಮೇಲೆ ನಿಲ್ಲಿಸಿ ಅದಕ್ಕೂ ಒಂದು. ಅಕ್ಕನದೊಂದು ಕಟ್ಟುನಿಟ್ಟಿನ ನಿಯಮವಿದೆ: ಇಟ್ಟ ಕುಂಕುಮವನ್ನು ಸಂಜೆಯವರೆಗೆ ಒರೆಸಕೂಡದು.

ಇನ್ನು ನದಿ. ಅದರ ಹೆಸರನ್ನೂ ಪಕ್ಕದ ದೇಶದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಇದ್ದದ್ದನ್ನು ಇದ್ದಂತೆ ಬರೆದರೆ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದೇನೆ. ಅದು ನಮ್ಮ ಕಡೆಯಿಂದ ಅವರ ಕಡೆಗೆ ಹರಿಯುವ ನದಿ ಎಂದರೆ ಸಾಕು. ಗಡಿಯ ಬಳಿ ಒಂದು ಸೇತುವೆ, ಅದಕ್ಕಿಂತ ಮೇಲೆ ನಮ್ಮ ಅಣೆಕಟ್ಟಿನ ಬಾಗಿಲುಗಳು. ಸೇತುವೆಗೆ ಎರಡು ಗೇಜುಗಳಿದ್ದವು, ನಾವು ಬಡಿದದ್ದೊಂದು, ಅವರು ಬಡಿದದ್ದೊಂದು. ಎರಡರ ಸೊನ್ನೆಯೂ ಬೇರೆ ಬೇರೆ ಎತ್ತರದಲ್ಲಿತ್ತು. ಒಂದೇ ನೀರು, ಎರಡು ಅಂಕಿ. ಇದರ ಜೊತೆಗೆ ಇನ್ನೊಂದು ಜಗಳ. ನೀರು ಯಾವ ಅಂಕಿಗೆ ಬಂದಾಗ ಮೇಲಿನವರು ಕೆಳಗಿನವರಿಗೆ ಎಚ್ಚರಿಕೆ ಕೊಡಬೇಕು? ಆರು ಮೀಟರಿಗೆ ಬಂದಾಗ ಎಂದು ನಾವು, ಐದಕ್ಕೇ ಎಂದು ಅವರು.

ಸರ್ಕಾರಗಳು ಮಾತಾಡಿ ಸಾಕಾದ ಮೇಲೆ ಎರಡೂ ದಡದ ಜನ ಸೇರಿ ಒಂದು ಸ್ನೇಹ ಸಮಿತಿ ಮಾಡಿಕೊಂಡರು. ಮೇಷ್ಟರುಗಳು, ಪತ್ರಿಕೆಯವರು, ದೋಣಿಯವರು. ಅದರ ಮುಖ್ಯಸ್ಥರು ವೈಟ್‌ಫೀಲ್ಡಿನಲ್ಲಿ ನೆಲೆಸಿರುವ ನಮ್ಮವರೇ ಆದ ಒಬ್ಬ ನಿವೃತ್ತ ರಾಯಭಾರಿ. ಜಗಳದ ಅಂಕಿ ಅತ್ತ ಇರಲಿ, ಮೊದಲು ಸೇತುವೆಗೆ ಎರಡೂ ಕಡೆಯವರು ಒಪ್ಪುವ ಒಂದೇ ಗೇಜು ಹಾಕೋಣ ಎಂದು ಸಮಿತಿ ಎರಡೂ ಸರ್ಕಾರಗಳನ್ನು ಒಪ್ಪಿಸಿತ್ತು. ಆ ಗೇಜು ಮಾಡುವ ಕೆಲಸ ನಮಗೆ ಬಂತು. ಒಟ್ಟು ನಾಲ್ಕು ಪಟ್ಟಿ, ಒಂದೊಂದೂ ಎರಡು ಮೀಟರ್ ಉದ್ದ. ಒಂದರ ಮೇಲೊಂದು ಬಡಿದರೆ ಸೊನ್ನೆಯಿಂದ ಎಂಟು ಮೀಟರ್. ಮೂರನೆಯದರಲ್ಲಿ ನಾಲ್ಕರಿಂದ ಆರರವರೆಗಿನ ಅಂಕಿಗಳು. ಕಥೆ ಇರುವುದು ಆ ಮೂರನೆಯದರಲ್ಲಿ.

ನಾನು ತಪಾಸಣೆ ಮಾಡುವುದು ಗುರುವಾರ, ಅಂದರೆ ಪೂಜೆಗೆ ಮೊದಲು. ಆ ಗುರುವಾರ ಮೂರು ಪಟ್ಟಿಗಳು ಸರಿಯಿದ್ದವು. ಮೂರನೆಯದರಲ್ಲಿ ಮಾತ್ರ ಒಂದು ಗುಳ್ಳೆ ಕಂಡು ತಿರಸ್ಕರಿಸಿದೆ. ಅದನ್ನು ಹೊಸದಾಗಿ ಮಾಡಿ ಸುಡುವಷ್ಟರಲ್ಲಿ ಕರೆಂಟು ಹೋಯಿತು. ಪಟ್ಟಿ ಕುಲುಮೆಯಿಂದ ಹೊರಬಂದದ್ದು ಶುಕ್ರವಾರ ಬೆಳಿಗ್ಗೆ. ಆರುತ್ತಲೇ ಅಕ್ಕ ಅದನ್ನು ಮಣೆಯ ಮೇಲೆ ನಿಲ್ಲಿಸಿ ಪೂಜೆ ಮುಗಿಸಿದರು. ಹನ್ನೊಂದು ಗಂಟೆಗೆ ಅದು ನನ್ನ ಕೈಗೆ ಬಂತು. ಹನ್ನೆರಡರೊಳಗೆ ವರದಿ ಕಳಿಸಬೇಕೆಂದು ಸಮಿತಿಯವರ ಫೋನು.

ನಮ್ಮ ವರದಿಯಲ್ಲಿ ಒಂಬತ್ತನೇ ಕಲಂ 'ಮೇಲ್ಮೈಯಲ್ಲಿ ಕಾಣುವ ಇತರ ಗುರುತುಗಳು'. ಅದನ್ನು ಖಾಲಿ ಬಿಡಕೂಡದು. ಇಲ್ಲದಿದ್ದರೆ ಇಲ್ಲ ಎಂದು ಬರೆಯಬೇಕು, ಇದ್ದರೆ ಏನು, ಎಲ್ಲಿ, ಎಷ್ಟು ಎಂದು ಬರೆಯಬೇಕು. ಇತ್ತು. ಸಂಜೆಯವರೆಗೆ ಒರೆಸುವ ಹಾಗಿರಲಿಲ್ಲ. ನಾನು ಬರೆದೆ: "5.42 ಮೀಟರಿನಲ್ಲಿ ಒಂದು ಕೆಂಪು ಗುರುತು. ಅಗಲ 14 ಮಿ.ಮೀ. ಅಂಕಿಗಳಿಗೆ ತೊಂದರೆಯಿಲ್ಲ."

ಕುಂಕುಮ ಎಂದು ಯಾಕೆ ಬರೆಯಲಿಲ್ಲ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಉತ್ತರ ಹೇಳಲು ಈಗಲೂ ನಾಚಿಕೆ. ಆ ಪುಡಿಯನ್ನು ನಾನು ಪರೀಕ್ಷೆ ಮಾಡಿರಲಿಲ್ಲ. ಕೆಂಪಗಿದ್ದದ್ದು ಮಾತ್ರ ನಿಶ್ಚಯವಾಗಿ ಗೊತ್ತಿತ್ತು.

ಅದೇ ಹೊತ್ತಿಗೆ ಯಜಮಾನರು ಒಂದು ಫೋಟೋ ತೆಗೆದರು. ಮಲ್ಲಿಗೆ ಹಾರ ಅಂಕಿಗಳನ್ನು ಮುಚ್ಚುತ್ತಿದೆಯೆಂದು ಅದನ್ನು ತೆಗೆದು ಪಕ್ಕಕ್ಕಿಟ್ಟರು. ಹಿಂದೆ ಗುಜರಿ ಕಾಣುತ್ತಿದೆಯೆಂದು ತೀರಾ ಹತ್ತಿರದಿಂದ ತೆಗೆದರು. ಹಾಗಾಗಿ ಫೋಟೋದಲ್ಲಿ ಉಳಿದದ್ದು ಬಿಳಿ ಪಟ್ಟಿ, ಐದು ಮತ್ತು ಆರರ ನಡುವಿನ ಗೆರೆಗಳು, ಅವುಗಳ ಮಧ್ಯೆ ಒಂದು ಕೆಂಪು ಗುರುತು. ಫೋಟೋ, ವರದಿ ಎರಡೂ ಸಮಿತಿಗೆ ಹೋದವು. ಏನನ್ನೂ ಮುಚ್ಚಿಡಬಾರದು ಎಂಬುದು ಸಮಿತಿಯ ನೀತಿ, ಆದ್ದರಿಂದ ಎರಡನ್ನೂ ಎರಡೂ ದಡದ ಪತ್ರಿಕೆಗಳಿಗೆ ಕಳಿಸಿದರು.

ಸೋಮವಾರದ ಹೊತ್ತಿಗೆ ಕೆಳಗಿನ ದೇಶದಲ್ಲಿ ಸುದ್ದಿ ಹೀಗಿತ್ತು: ಗೇಜು ಬಡಿಯುವ ಮೊದಲೇ ಮೇಲಿನವರು ತಮ್ಮ ಕೆಂಪು ಗೆರೆ ಎಳೆದುಕೊಂಡಿದ್ದಾರೆ. ನಮ್ಮ ಕಡೆ ಸುದ್ದಿ ಬೇರೆ: ಆರು ಎಂದು ಇಷ್ಟು ಕಾಲ ಪಟ್ಟು ಹಿಡಿದಿದ್ದೆವು, 5.42ಕ್ಕೆ ಗುಟ್ಟಾಗಿ ಇಳಿದವರು ಯಾರು? ಯಜಮಾನರು ಫೋನಿನಲ್ಲಿ, "ಪೂಜೆ ಸಾರ್ ಅದು, ಬರೀ ಪೂಜೆ" ಎಂದು ಬಿಡಿಸಿ ಹೇಳಿದರು. ಮರುದಿನ ಅದೂ ಸುದ್ದಿಯಾಯಿತು. ಜಗಳದ ಎರಡು ಅಂಕಿಗಳ ನಡುವೆಯೇ ಬಂದು ಕೂರುವ ಪೂಜೆ ಎಂಥದ್ದು ಎಂದು ಎರಡೂ ದಡದವರು ಕೇಳಿದರು. ಬಹಳ ವರ್ಷಗಳಲ್ಲಿ ಇಬ್ಬರೂ ಕೇಳಿದ ಒಂದೇ ಪ್ರಶ್ನೆ ಅದು.

ಬುಧವಾರ ರಾಯಭಾರಿಗಳು ನನಗೇ ಫೋನು ಮಾಡಿದರು. ಅವರದು ಬಹಳ ಮೆತ್ತಗಿನ ದನಿ.

"ಮೇಡಂ, ನಲವತ್ತು ವರ್ಷ ಈ ಕೆಲಸ ಮಾಡಿದ್ದೀನಿ. ಒಂದೇ ಒಂದು ಅಂಕಿ ಬಾಯಿಂದ ಹೊರಗೆ ಬರದ ಹಾಗೆ ನೋಡ್ಕೊಂಡಿದ್ದೀನಿ. ನೀವು ಎರಡು ದಶಾಂಶದವರೆಗೂ ಹೇಳಿಬಿಟ್ರಲ್ಲ."

"ಅದು ಅಲ್ಲೇ ಇತ್ತು ಸಾರ್," ಎಂದೆ.

"ಇರುತ್ತೆ ಮೇಡಂ. ಎಲ್ಲಾ ಅಲ್ಲೇ ಇರುತ್ತೆ," ಎಂದು ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ವಿಷಯ ಹೇಳಿದರು. ಸೇತುವೆಯ ಮೇಲೆ ದಿನಾ ಗೇಜು ನೋಡುವ ಇಬ್ಬರು, ನಮ್ಮ ಕಡೆಯವರೊಬ್ಬರು, ಅವರ ಕಡೆಯವರೊಬ್ಬರು, ಶುಕ್ರವಾರ ಪೀಣ್ಯಕ್ಕೆ ಬರುತ್ತಾರೆ. ಕಣ್ಣಾರೆ ನೋಡಿ ಇಬ್ಬರೂ ಒಪ್ಪಿ ಸಹಿ ಹಾಕಿದರೆ ಪಟ್ಟಿಗಳು ಅವರ ಜೊತೆಯಲ್ಲೇ ಹೊರಡುತ್ತವೆ. ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೂ ಈ ಮಳೆಗಾಲಕ್ಕೆ ಗೇಜಿಲ್ಲ.

ಶುಕ್ರವಾರ ಬಂತು. ಯಜಮಾನರು ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ಮೂರು ಮೈಸೂರು ಪೇಟ, ಮೂರು ಶಾಲು ತರಿಸಿದ್ದರು. ರಾಯಭಾರಿಗಳು ಕಾರಿನಿಂದಿಳಿದು, "ಅವರು ವಿಮಾನದಲ್ಲಿ ದೇಶ ದಾಟಿ ಬರೋದಕ್ಕಿಂತ ನಾನು ವೈಟ್‌ಫೀಲ್ಡಿಂದ ಬರೋದಕ್ಕೇ ಹೆಚ್ಚು ಹೊತ್ತಾಯ್ತು" ಎಂದು ಎಲ್ಲರನ್ನೂ ನಗಿಸಲು ನೋಡಿದರು. ಅತಿಥಿಗಳು ನಗಲಿಲ್ಲ. ನಮ್ಮ ಕಡೆಯವರನ್ನು ಮೇಲ್ದಡದವರು ಎನ್ನುತ್ತೇನೆ, ದಪ್ಪ ಮೀಸೆ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಇನ್ನೊಬ್ಬರು ಕೆಳದಡದವರು, ತೆಳ್ಳಗಿನ ದೇಹ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ನೋಟ್‌ಬುಕ್. ಇಬ್ಬರ ಸೊಂಟಕ್ಕೂ ಅಳೆಯುವ ಟೇಪು. ನಾವೆಲ್ಲ ಮಾತಾಡಿದ್ದು ಮುರುಕು ಹಿಂದಿಯಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವರು ಮೊದಲಿಂದ ಗೊತ್ತಾ?" ಎಂದು ಯಜಮಾನರು ಕೇಳಿದರು.

"ಇಪ್ಪತ್ತು ವರ್ಷದಿಂದ," ಎಂದರು ಮೇಲ್ದಡದವರು. "ದುರ್ಬೀನಿನಲ್ಲಿ. ಮಳೆ ಬಂದರೆ ಈ ಮನುಷ್ಯ ಮೆಟ್ಟಿಲು ಇಳಿಯೋದಿಲ್ಲ. ಕೊಡೆ ಹಿಡಿದು ಮೇಲಿಂದಲೇ ಓದ್ತಾರೆ."

"ನಾನು ಮೇಲಿಂದಲಾದರೂ ನೋಡಿ ಓದ್ತೀನಿ," ಎಂದರು ಕೆಳದಡದವರು. "ಇವರು ಬೀಡಿ ಹಚ್ಚಿ ನಿನ್ನೆಯದನ್ನು ನೋಡಿ ಬರೀತಾರೆ."

"ಸ್ನೇಹ, ಸ್ನೇಹ," ಎಂದು ರಾಯಭಾರಿಗಳು ಇಬ್ಬರ ನಡುವೆ ನಿಂತರು.

ಅಷ್ಟರಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ಬಂದು ರಾಯಭಾರಿಗಳ ಬಾಗಿದ ಹಣೆಗೆ ಕುಂಕುಮ ಇಟ್ಟರು, ಮೇಲ್ದಡದವರೂ ತಲೆ ಬಗ್ಗಿಸಿದರು, ಅವರಿಗೂ ಇಟ್ಟರು. ಕೆಳದಡದವರ ಮುಂದೆ ಕೈ ನಿಲ್ಲಿಸಿ, "ನಿಮ್ಗೆ ಇಕ್ಬೋದಾ ಸಾಮಿ?" ಎಂದು ಕೈಯಲ್ಲೇ ಕೇಳಿದರು. ಅವರು ಒಂದು ಕ್ಷಣ ಯೋಚಿಸಿ, ಪ್ಲಾಸ್ಟಿಕ್ ಬಿಚ್ಚಿ, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ತನಗೆ ಬೇಡ, ಇದಕ್ಕೆ ಇಡಿ ಎಂಬಂತೆ. ಅಕ್ಕನಿಗೆ ಅದು ಸಹಜವಾಗಿಯೇ ಕಂಡಿತು. ರಾಯಭಾರಿಗಳಿಗೆ ಹಾಗೆ ಕಾಣಲಿಲ್ಲ.

"ಅಮ್ಮಾ, ಇಡಬೇಡಿ, ಇಡಬೇಡಿ! ಇನ್ನೊಂದು ಕೆಂಪು ಗುರುತು ಬೇಡ!" ಎಂದು ಕೂಗಿದರು. ಅಷ್ಟರಲ್ಲಿ ಬೊಟ್ಟು ಬಿದ್ದಾಗಿತ್ತು.

ಮೂರನೇ ಪಟ್ಟಿಯನ್ನು ನನ್ನ ಮೇಜಿನ ಪಕ್ಕದ ಗೋಡೆಗೆ ಒರಗಿಸಿದ್ದೆವು. ಹೋದ ಶುಕ್ರವಾರ ಸಂಜೆ ಅಕ್ಕ ಅದರ ಕುಂಕುಮ ಒರೆಸಿದ್ದರು. ಆದರೆ ಎಣ್ಣೆಯಲ್ಲಿ ಕಲಸಿದ ಕುಂಕುಮವಾದ್ದರಿಂದ ತೆಳುವಾದ ಗುಲಾಬಿ ಕಲೆ ಉಳಿದಿತ್ತು. ನಾನು ಸೋಪುನೀರು ಹಾಕಲು ಹೋದಾಗ ಯಜಮಾನರು, "ಮುಟ್ಬೇಡಿ ಮೇಡಂ, ಸಾಕ್ಷಿ ಅಳಿಸಿದ್ರು ಅಂತಾರೆ" ಎಂದು ತಡೆದಿದ್ದರು. ಈಗ ಎಲ್ಲರೂ ಆ ಕಲೆಯ ಮುಂದೆ ಬಗ್ಗಿ ನಿಂತರು.

"ಇದನ್ನು ಇಟ್ಟವರು ಯಾರು?" ಎಂದರು ಮೇಲ್ದಡದವರು.

"ನಾನೇ," ಎಂದರು ಅಕ್ಕ. ನಾನು ಅತ್ತಿಂದಿತ್ತ ಅನುವಾದ ಮಾಡಿದೆ.

"ಐದು ನಲವತ್ತೆರಡಕ್ಕೇ ಯಾಕೆ?"

"ಯಾವ ಐದು? ನಾನೇನು ಅಂಕಿ ನೋಡ್ಕಂಡು ಇಕ್ತೀನಾ? ಇಂಗ್ ನಿಂತ್ಕಂಡೆ, ಇಂಗ್ ಇಕ್ದೆ. ದ್ಯಾವ್ರು ಟೇಪು ಇಟ್ಕಂಡು ಕುಂತವ್ನಾ?"

ಕೊನೆಯ ವಾಕ್ಯವನ್ನು ನಾನು ಅನುವಾದ ಮಾಡಲಿಲ್ಲ.

ಮೇಲ್ದಡದವರು ತಲೆಯಾಡಿಸಿದರು. "ಎರಡು ಮೀಟರ್ ಪಟ್ಟಿಯಲ್ಲಿ ಎಲ್ಲಿ ಬೇಕಾದರೂ ಇಡಬಹುದಿತ್ತು. ನಮ್ಮ ಆರಕ್ಕೂ ಇವರ ಐದಕ್ಕೂ ನಡುವೆ ಬಂದು ಕೂತಿದೆ. ನಾನು ಊರಿಗೆ ಹೋಗಿ ಆಕಸ್ಮಿಕ ಅಂದರೆ ಯಾರು ನಂಬುತ್ತಾರೆ? ನಾನೇ ನಂಬೋದಿಲ್ಲ. ಸಹಿ ಹಾಕಲ್ಲ."

ರಾಯಭಾರಿಗಳು ಟೀ ತರಿಸಿ ಎಂದರು. ಮಾತು ಕೆಟ್ಟಾಗಲೆಲ್ಲ ಟೀ ತರಿಸುವುದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಆ ದಿನ ನಾವು ಐದು ಸಲ ಟೀ ಕುಡಿದೆವು.

ಕೆಳದಡದವರು ಟೀ ಮುಟ್ಟಲಿಲ್ಲ. ನನ್ನ ಮೇಜಿನ ಎದುರು ಕೂತು, ಬೊಟ್ಟು ಬಿದ್ದ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಮಾತ್ರ ಕೇಳುವಂತೆ ಹೇಳಿದರು. ಹೋದ ಮಳೆಗಾಲದಲ್ಲಿ ಮೇಲಿನಿಂದ ಒಂದು ಅಂಕಿ ಬಂತಂತೆ. ಅದು ಯಾವ ಗೇಜಿನದು, ಮೇಲಿನವರದೋ ಕೆಳಗಿನವರದೋ ಎಂದು ಊರಿನ ಅರಳಿಕಟ್ಟೆಯಲ್ಲಿ ಚರ್ಚೆಯಾಯಿತಂತೆ. ಕೆಳಗಿನವರ ಗೇಜಿನದಾದರೆ ಭಯವಿಲ್ಲ, ಮೇಲಿನವರದಾದರೆ ಓಡಬೇಕು. ಚರ್ಚೆ ಮುಗಿಯುವ ಮೊದಲೇ ನೀರು ಅವರ ತಂಗಿಯ ಕೊಟ್ಟಿಗೆಗೆ ಬಂತು. ಎರಡು ಹಸುಗಳು ಕಟ್ಟಿದಲ್ಲೇ ಹೋದವು. "ಅಂಕಿ ಸರಿಯಾಗಿಯೇ ಇತ್ತು ಮೇಡಂ," ಎಂದರು. "ನಂಬೋದಕ್ಕೆ ಒಂದು ಗೇಜಿರಲಿಲ್ಲ. ನನಗೆ ಐದೂ ಬೇಡ, ಆರೂ ಬೇಡ. ಒಂದೇ ಗೇಜು ಸಾಕು. ಅದನ್ನು ತರ್ತೀನಿ ಅಂತ ತಂಗಿಗೆ ಹೇಳಿ ಬಂದಿದ್ದೀನಿ."

ನಾನು ಬರೆದ ಸಾಲು ಸರಿಯಾಗಿಯೇ ಇತ್ತು. ಅಲ್ಲಿಗೆ ಹೋದ ಅಂಕಿಯೂ ಸರಿಯಾಗಿಯೇ ಇತ್ತು. ಸರಿಯಾಗಿದ್ದರೆ ಸಾಲದು ಎಂಬುದು ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಎದ್ದು ಶೆಡ್ಡನ್ನೊಮ್ಮೆ ಸುತ್ತ ನೋಡಿದರು. ನೀರಿನ ಗುರುತು ನೋಡಿ ನೋಡಿ ಪಳಗಿದ ಕಣ್ಣು. ಕರೆಂಟಿನ ಬೋರ್ಡಿನ ಮೇಲೆ ಅಂದು ಬೆಳಗಿನ ಕುಂಕುಮವಿತ್ತು. ಕಂಬದ ಮೇಲೆ ಇತ್ತು. ಬಾಗಿಲಿನ ಚೌಕಟ್ಟಿನ ಮೇಲೆ ವರ್ಷಗಟ್ಟಲೆಯ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ಅವರು ಸೊಂಟದ ಟೇಪು ತೆಗೆದು ನೆಲಕ್ಕೆ ಊರಿ ಎಳೆದರು.

"ಒಂದು ನಲವತ್ತನಾಲ್ಕು," ಎಂದರು.

ಕಂಬಕ್ಕೆ ಹೋದರು. "ಒಂದು ನಲವತ್ತನಾಲ್ಕು."

ಬೋರ್ಡು. "ಒಂದು ನಲವತ್ತನಾಲ್ಕು."

ಮೇಲ್ದಡದವರು ಟೀ ಲೋಟ ಕೆಳಗಿಟ್ಟರು. "ಬಿಡಿ, ನಾನು ನೋಡ್ತೀನಿ. ಇವರು ಓದಿದ್ದನ್ನು ನಾನು ಒಪ್ಪಲ್ಲ." ತಮ್ಮ ಟೇಪು ತೆಗೆದು ಅಳೆದರು. "ಒಂದು ನಲವತ್ಮೂರೂವರೆ."

"ಬಗ್ಗಿ ಓದಿ. ಮೇಲಿಂದ ಓದಬೇಡಿ," ಎಂದರು ಕೆಳದಡದವರು. ಆ ಮಾತನ್ನು ಹೇಳಲು ಇಪ್ಪತ್ತು ವರ್ಷ ಕಾದಂತಿತ್ತು.

ಮೇಲ್ದಡದವರು ಬಗ್ಗಿದರು. "ನಲವತ್ನಾಲ್ಕು," ಎಂದು ಗೊಣಗಿದರು.

ಆಮೇಲೆ ಇಬ್ಬರೂ ಶೆಡ್ಡಿನಲ್ಲಿದ್ದ ಕುಂಕುಮಗಳನ್ನೆಲ್ಲ ಅಳೆಯತೊಡಗಿದರು. ಕುಲುಮೆಯ ಬಾಗಿಲು, ಬೀರು, ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿದ್ದ ಹಲಗೆ. ಪಕ್ಕದ ಮುಚ್ಚಳದ ಶೆಡ್ಡಿನವರು ಕೆಲಸ ಬಿಟ್ಟು ಕಿಟಕಿಯಲ್ಲಿ ನಿಂತರು. "ಏನ್ ಗುರು, ವಾಸ್ತುನಾ?" ಎಂದು ಅವರಲ್ಲೊಬ್ಬ ಕೇಳಿದ. ಯಜಮಾನರು ಪೇಟಗಳನ್ನು ಕೈಯಲ್ಲಿ ಹಿಡಿದುಕೊಂಡು, ಯಾವಾಗ ತೊಡಿಸಬೇಕೆಂದು ತಿಳಿಯದೆ, ಇಬ್ಬರ ಹಿಂದೆಯೂ ಓಡಾಡುತ್ತಿದ್ದರು. ಗಿಡ್ಡಗಿದ್ದ ಕಂಪ್ರೆಸರ್ ಒಂದನ್ನು ಬಿಟ್ಟು ಎಲ್ಲೆಡೆ ಅದೇ ಅಂಕಿ, ಒಂದು ನಲವತ್ನಾಲ್ಕು.

ಕೊನೆಗೆ ಪಟ್ಟಿಯ ಬಳಿ ಬಂದರು. ಅದರ ಅಂಕಿ ಶುರುವಾಗುವುದು ನಾಲ್ಕು ಮೀಟರಿನಿಂದ. 5.42 ಎಂದರೆ ಪಟ್ಟಿಯ ಬುಡದಿಂದ ಒಂದು ಮೀಟರ್ ನಲವತ್ತೆರಡು.

"ಎರಡು ಸೆಂಟಿಮೀಟರ್ ಕಮ್ಮಿ," ಎಂದರು ಮೇಲ್ದಡದವರು. "ಉಳಿದದ್ದಕ್ಕೆಲ್ಲ ನಲವತ್ನಾಲ್ಕು. ಇದಕ್ಕೆ ಮಾತ್ರ ನಲವತ್ತೆರಡು. ಯಾಕೆ?"

ಕೆಳದಡದವರು ನನ್ನನ್ನು ನೋಡಿದರು. ರಾಯಭಾರಿಗಳು ಟೀಗೆ ಹೇಳಲು ಬಾಯಿ ತೆರೆದರು. ನಾನು ಕಣ್ಣು ಮುಚ್ಚಿ ಆ ಶುಕ್ರವಾರವನ್ನು ನೆನಪು ಮಾಡಿಕೊಂಡೆ, ವರದಿ ಓದುವ ಹಾಗೆ ಒಂದೊಂದೇ ಸಾಲು. ಪಟ್ಟಿ ಗೋಡೆಗೆ ಒರಗಿತ್ತು. ಕೆಳಗೆ ರಂಗೋಲಿ. ರಂಗೋಲಿಯ ಮೇಲೆ...

"ಮಣೆ!" ಎಂದು ಕೂಗಿದೆ. ಶೆಡ್ಡಿನಲ್ಲಿ ನಾನು ಕೂಗಿದ್ದು ಅದೇ ಮೊದಲು. "ಅಕ್ಕಾ, ಮಣೆ ಎಲ್ಲಿ?"

ಅಕ್ಕ ಮಣೆ ತಂದರು. ದಿನಾ ಅದರ ಮೇಲೆ ಕೂತು ಊಟ ಮಾಡುತ್ತಿದ್ದರು. ಕಾಲಿಲ್ಲದ ಬರೀ ಹಲಗೆ. ನಾನು ವರ್ನಿಯರ್ ತೆಗೆದು ದಪ್ಪ ಅಳೆದೆ. ಇಪ್ಪತ್ತು ಮಿಲಿಮೀಟರ್. ಮೇಲ್ದಡದವರು ವರ್ನಿಯರ್ ಕಸಿದುಕೊಂಡು ಅಳೆದರು. ಕೆಳದಡದವರೂ ಅಳೆದರು. ಇಪ್ಪತ್ತು. ಪಟ್ಟಿ ನಿಂತದ್ದು ಮಣೆಯ ಮೇಲೆ, ಅಕ್ಕ ನಿಂತದ್ದು ನೆಲದ ಮೇಲೆ.

"ಅದು ಸರಿ," ಎಂದರು ಮೇಲ್ದಡದವರು. ಅವರ ದನಿ ಈಗ ಜಗಳದ್ದಾಗಿರಲಿಲ್ಲ, ಕುತೂಹಲದ್ದು. "ಆದರೆ ಮನುಷ್ಯರ ಕೈ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತೆ. ಇವರದು ಎಲ್ಲಾ ಕಡೆ ಒಂದೇ ಎತ್ತರಕ್ಕೆ ಹೇಗೆ?"

ಅಕ್ಕನನ್ನು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು ಬಲಗೈಯನ್ನು ಎತ್ತಿದರು. ಅದು ಎದೆಯ ಮಟ್ಟ ದಾಟಿ ಭುಜಕ್ಕೆ ಬಂದು ಅಲ್ಲೇ ನಿಂತಿತು.

"ಇಷ್ಟೇ ಕಣವ್ವ. ಇದುಕ್ಕಿಂತ ಮ್ಯಾಕೆ ಓಗಾಕಿಲ್ಲ. ಭುಜ ಇಡ್ಕಂಡು ಮೂರ್ ವರ್ಸ ಆಯ್ತು. ದ್ಯಾವ್ರಿಗೆ ಎಷ್ಟ್ ಎತ್ರಕ್ ಓಗ್ತದೋ ಅಷ್ಟಕ್ ಇಕ್ತೀನಿ. ಕೆಳೀಕ್ ಇಕ್ಕುದ್ರೆ ಚೆಂದಾಗಿರಕಿಲ್ಲ."

ಮೂರು ವರ್ಷ. ಅರ್ಧ ಮಿಲಿಮೀಟರಿನ ಗುಳ್ಳೆ ಕಾಣುವ ನನಗೆ ಅದು ಕಂಡಿರಲಿಲ್ಲ. ಎರಡು ಮೀಟರಿನ ಪಟ್ಟಿಗಳನ್ನು ಕುಲುಮೆಯಿಂದ ಎಳೆದು ಎಳೆದು ಹಿಡಿದ ಭುಜ. ಬಾಗಿಲಿನ ಚೌಕಟ್ಟನ್ನು ಹೋಗಿ ನೋಡಿದೆ. ಗಟ್ಟಿಯಾದ ಕುಂಕುಮದ ಮೇಲುಗಡೆ, ಒಂದು ಗೇಣು ಎತ್ತರದಲ್ಲಿ, ಹಳೆಯದೊಂದು ಮಾಸಿದ ಕುಂಕುಮದ ಗುಂಪು ಇತ್ತು. ಭುಜ ಸರಿಯಿದ್ದಾಗಿನದು. ಪ್ರತಿದಿನ ಆ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದೆ.

ಅಕ್ಕ ಹೇಳಿದ್ದನ್ನು ಅನುವಾದ ಮಾಡಿದೆ. ಮೇಲ್ದಡದವರು ಅಕ್ಕನ ಮುಂದೆ ಹೋಗಿ ನಿಂತು, ತಮ್ಮ ಎಡಗೈಯನ್ನು ಎತ್ತಿ ತೋರಿಸಿದರು. ಅದೂ ಭುಜದ ಹತ್ತಿರ ನಿಂತುಬಿಟ್ಟಿತು. "ನನಗೆ ಈ ಕಡೆ. ಮೆಟ್ಟಿಲ ಕಂಬಿ ಹಿಡಿದು ಇಳಿದು ಇಳಿದು." ಆಮೇಲೆ ಕೆಳದಡದವರ ಕಡೆ ತಿರುಗಿ, "ನೋಡಿ, ಮಳೆಯಲ್ಲಿ ಮೆಟ್ಟಿಲು ಇಳಿದವರಿಗೆ ಹೀಗಾಗುತ್ತೆ" ಎಂದರು.

"ಎಣ್ಣೆ ಅಚ್ಕಳಿ," ಎಂದು ಅಕ್ಕ ಕನ್ನಡದಲ್ಲೇ ಹೇಳಿದರು. ಅನುವಾದ ಬೇಕಾಗಲಿಲ್ಲ.

ಇನ್ನು ಸಹಿಯ ಕಾಗದ. ರಾಯಭಾರಿಗಳು ಜೇಬಿನಿಂದ ಪೆನ್ನು ತೆಗೆದು, "ಉಭಯ ಪಕ್ಷಗಳೂ ಸೌಹಾರ್ದದ ವಾತಾವರಣದಲ್ಲಿ ಸದರಿ ಗುರುತಿನ ಸ್ವರೂಪದ ಕುರಿತು" ಎಂದು ಶುರುಮಾಡಿದರು.

"ಅದು ಬೇಡ," ಎಂದರು ಕೆಳದಡದವರು. "ಹೀಗೆ ಬರೆದರೆ ನಮ್ಮೂರ ಕಟ್ಟೆಯಲ್ಲಿ ಇದರ ಅರ್ಥ ಏನು ಅಂತ ಮತ್ತೆ ಚರ್ಚೆ ಆಗುತ್ತೆ. ಮೇಡಂ ಬರೆಯಲಿ."

"ಹೌದು," ಎಂದರು ಮೇಲ್ದಡದವರು. "ಅವರೇ ಬರೆಯಲಿ. ಎಲ್ಲಾ ಬರೆಯಲಿ."

ನಾನು ಬರೆದೆ. ಈ ಸಲ ಎಲ್ಲವನ್ನೂ. 5.42 ಮೀಟರಿನ ಗುರುತು ಕುಂಕುಮ. ಇಟ್ಟವರು ಇಲ್ಲಿ ಕುಲುಮೆಯ ಬಳಿ ಕೆಲಸ ಮಾಡುವ ಹೆಂಗಸು. ಗಿಡ್ಡ ಕಂಪ್ರೆಸರಿನದು ಬಿಟ್ಟು ಶೆಡ್ಡಿನ ಇತರ ಆರು ಕುಂಕುಮಗಳ ಎತ್ತರ ನೆಲದಿಂದ 1.44. ಪಟ್ಟಿಯ ಕೆಳಗಿದ್ದ ಮಣೆಯ ದಪ್ಪ 20 ಮಿ.ಮೀ. ಈ ಎತ್ತರ ಅವರ ನೋಯುವ ಬಲಗೈ ಏಳುವಷ್ಟು ಎತ್ತರ. ನೀರಿನ ಯಾವ ಒಪ್ಪಂದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಬ್ಬರೂ ಓದಿ, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿ, ಸಹಿ ಹಾಕಿದರು. ರಾಯಭಾರಿಗಳು ಕೊನೆಗೆ ಸಾಕ್ಷಿಯೆಂದು ಸಹಿ ಹಾಕಿ, "ನನ್ನ ವೃತ್ತಿಯಲ್ಲಿ ಇಷ್ಟು ಸ್ಪಷ್ಟವಾದ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಭಯ ಆಗ್ತಿದೆ" ಎಂದರು. ಯಜಮಾನರು ಕಡೆಗೂ ಪೇಟ ತೊಡಿಸಿದರು.

ಪಟ್ಟಿಗಳು ಹೊರಟವು. ಮಳೆಗೆ ಮೊದಲೇ ಸೇತುವೆಗೆ ಬಡಿದರೆಂದು ಫೋಟೋ ಬಂತು. ಎಚ್ಚರಿಕೆಯ ಅಂಕಿ ಐದೋ ಆರೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಅಕ್ಕನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ಕುಲುಮೆಯಿಂದ ಪಟ್ಟಿ ಎಳೆಯಲು ಯಜಮಾನರು ರಾಟೆ ಹಾಕಿಸಿದರು. ಅಕ್ಕ ಶೆಡ್ಡಿನ ಗೋಡೆಗೇ ದಿನಕ್ಕೆರಡು ಬಾರಿ ಬೆರಳು ಹತ್ತಿಸುತ್ತಾರೆ, ನಾನು ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. 1.46. 1.49.

ಮಳೆಗಾಲದ ಒಂದು ಬೆಳಿಗ್ಗೆ ಕೆಳದಡದವರ ಮೆಸೇಜು ಬಂತು. ಇಬ್ಬರು ಗೇಜು ನೋಡುವವರೂ ಯಾರನ್ನೂ ಕೇಳದೆ ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದರಂತೆ. ಐದೆಂದರೆ ಮೇಲಿನವರು ಸೋತ ಹಾಗೆ, ಆರೆಂದರೆ ಕೆಳಗಿನವರು ಸೋತ ಹಾಗೆ. ನೀರಿಗೆ ಸಂಬಂಧವಿಲ್ಲ ಎಂದು ಇಬ್ಬರೂ ಸಹಿ ಹಾಕಿದ್ದ ಅಂಕಿ ಒಂದೇ ಒಂದಿತ್ತು, 5.42. ಅದಕ್ಕೆ ನೀರು ಬಂದ ಕೂಡಲೇ ಮೇಲ್ದಡದವರು ಸ್ವಂತ ಫೋನಿನಿಂದ ಕರೆ ಮಾಡುವುದು ಎಂದು. ಮೆಸೇಜು ಹೀಗಿತ್ತು: "ಇವತ್ತು ಫೋನು ಬಂತು. 'ಅಕ್ಕನ ಕೈಗೆ ಬಂದಿದೆ' ಅಂದರು. ಊರಲ್ಲಿ ಯಾರೂ ಯಾವ ಗೇಜು ಅಂತ ಕೇಳಲಿಲ್ಲ. ತಂಗಿ ಹಸು ಬಿಚ್ಚಿ ದಿಬ್ಬಕ್ಕೆ ಹೊಡೆದಳು. ಈಗ ಕೊಟ್ಟಿಗೆಯಲ್ಲಿ ನೀರಿದೆ, ಹಸು ಇಲ್ಲ."

ಅಕ್ಕ ಆಗ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದರು. ನಾನು ಎರಡು ಸಲ ಓದಿ ಹೇಳಿದೆ. ಕೇಳಿ ಅವರು ಬೆರಳುಗಳನ್ನು ಮೆಲ್ಲಗೆ ಎರಡು ಅಂಗುಲ ಕೆಳಗೆ ಇಳಿಸಿದರು.

"ಯಾಕಕ್ಕ? ನೋವಾ?"

"ನೋವಿಲ್ಲ ಕಣವ್ವ. ಅಲ್ಲಾ, ನನ್ ಕೈ ವಾಸಿಯಾಗಿ ಮ್ಯಾಕ್ಕೋದ್ರೆ, ಅಲ್ಲಿ ಆ ಅಸುಗಳ ಗತಿ?"

ಅಲ್ಲಿಯ ಅಂಕಿ ಎನಾಮೆಲ್‌ನಲ್ಲಿ ಸುಟ್ಟದ್ದು, ಅದು ಮೇಲೆ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಅವರು ನನ್ನ ಮುಖ ನೋಡಿದರು.

"ನಿಜ್ವಾಗ್ಲೂ? ಸೈನ್ ಆಕ್ತೀಯಾ?"

"ಹಾಕ್ತೀನಿ ಅಕ್ಕ."

ಅವರು ಗೋಡೆಗೆ ತಿರುಗಿ ಬೆರಳುಗಳನ್ನು ಮತ್ತೆ ಹತ್ತಿಸಿದರು. ನಾನು ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೇ ತಂದು ಓದಿದೆ. 1.51.